ತೂಬು ತೆಗೆಯುವ ದಿನ

ಮಳೆಗಾಲ ಹಿಡಿದು ಹೊಳೆಗೆ ಕೆಂಪು ನೀರು ಬಂತೆಂದರೆ ಮೀನುಮರಿ ಉತ್ಪಾದನಾ ಕೇಂದ್ರಗಳಲ್ಲಿ ಸಂಜೆಯ ಕೆಲಸ ಬಿರುಸಾಗುತ್ತದೆ. ಹೊಟ್ಟೆ ಉಬ್ಬಿದ ಹೆಣ್ಣು ಕಾಟ್ಲಾ, ರೋಹುಗಳನ್ನು ಬಲೆ ಹಾಕಿ ಹಿಡಿದು, ತೂಗಿ, ಕಣ್ಣು ಮುಚ್ಚಿ ಅದುಮಿಟ್ಟುಕೊಂಡು ಬೆನ್ನಿನ ರೆಕ್ಕೆಯ ಬುಡದ ಬಳಿ ಒಂದು ಇಂಜೆಕ್ಷನ್ ಕೊಡುತ್ತಾರೆ. ಕಿಲೋ ತೂಕಕ್ಕೆ ಅರ್ಧ ಎಂ.ಎಲ್. ದಾಟದ ಔಷಧ. ಗಂಡು ಮೀನಿಗೆ ಇನ್ನೂ ಕಡಿಮೆ. ಎರಡನ್ನೂ ನೀರು ಸುತ್ತುವ ತೊಟ್ಟಿಗೆ ಬಿಟ್ಟು ಕಾಯುವುದಷ್ಟೇ ಬಾಕಿ. ಬೆಳಗಿನ ಜಾವದ ಹೊತ್ತಿಗೆ ತೊಟ್ಟಿಯ ತುಂಬ ಸಬ್ಬಕ್ಕಿ ನೆನೆಹಾಕಿದಂತೆ ಮೊಟ್ಟೆ.

ಆ ಸೀಸೆಯ ಮೇಲಿನ ಸಣ್ಣಕ್ಷರವನ್ನು ಓದಿದವರಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ಒಂದು ಎಂ.ಎಲ್. ಔಷಧದಲ್ಲಿ ಸಾಲ್ಮನ್ ಮೀನಿನ ಮಿದುಳಿನ ಹಾರ್ಮೋನನ್ನು ಹೋಲುವ, ಕಾರ್ಖಾನೆಯಲ್ಲಿ ಮಾಡಿದ ಪದಾರ್ಥ 20 ಮೈಕ್ರೋಗ್ರಾಂ. ಜೊತೆಗೆ 10 ಮಿಲಿಗ್ರಾಂ ಡಾಂಪೆರಿಡೋನ್. ಹೌದು, ಅದೇ ಡಾಂಪೆರಿಡೋನ್. ಹೊಟ್ಟೆ ತೊಳಸಿದಾಗ, ಎದೆ ಉರಿದಾಗ ಮೆಡಿಕಲ್ ಶಾಪಿನವರು ‘ಬೆಳಿಗ್ಗೆ ಖಾಲಿ ಹೊಟ್ಟೇಲಿ ಒಂದು ತಗೊಳ್ಳಿ’ ಎಂದು ಕತ್ತರಿಸಿ ಕೊಡುವ ಆ ಮಾತ್ರೆಗಳಲ್ಲಿ ಬೆರೆತಿರುವ ಔಷಧ. ವಾಂತಿ ನಿಲ್ಲಿಸುವ ಮದ್ದಿಗೆ ಮೀನಿನ ಹೆರಿಗೆಮನೆಯಲ್ಲಿ ಏನು ಕೆಲಸ?

ಕೆರೆ, ಕೊಳದಲ್ಲಿ ಸಾಕಿದ ಕಾಟ್ಲಾ ಮೀನಿಗೆ ಮೊಟ್ಟೆಯೇನೋ ಬಲಿಯುತ್ತದೆ, ಇಡುವುದಿಲ್ಲ. ಅದಕ್ಕೆ ಪ್ರವಾಹದ ನದಿ ಬೇಕು, ಮುಳುಗಿದ ದಡ ಬೇಕು. ನಿಂತ ನೀರಿನಲ್ಲಿ ಕೊನೆಯ ಒಂದು ಹೆಜ್ಜೆ ತಪ್ಪಿಹೋಗಿ, ಬಲಿತ ಮೊಟ್ಟೆ ಹೊಟ್ಟೆಯಲ್ಲೇ ಕರಗುತ್ತದೆ. ಒರಿಸ್ಸಾದ ಅಂಗುಲ್‌ನಲ್ಲಿ 1957ರ ಜುಲೈ 10ರಂದು ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಆಲಿಕುಂಞಿ ಅವರ ತಂಡ ಬೇರೆ ಮೀನಿನ ತಲೆಯಿಂದ ತೆಗೆದ ಪಿಟ್ಯುಟರಿ ಗ್ರಂಥಿಯನ್ನು ಅರೆದು, ಸೋಸಿ, ಚುಚ್ಚಿ ಆ ಹೆಜ್ಜೆಯನ್ನು ಹಾಕಿಸಿತು. ಆ ದಿನವೇ ಈಗ ರಾಷ್ಟ್ರೀಯ ಮೀನು ಕೃಷಿಕರ ದಿನ. ಅಲ್ಲಿಂದ ಎಷ್ಟೋ ವರ್ಷ ನಮ್ಮ ಮೀನುಗಾರಿಕೆ ಇಲಾಖೆಯವರು ಮಾರುಕಟ್ಟೆಯಲ್ಲಿ ಮೀನಿನ ತಲೆ ಕೊಂಡು, ಕಾಳಿನಷ್ಟು ಗ್ರಂಥಿಯನ್ನು ಹೆಕ್ಕಿ ಆಲ್ಕೊಹಾಲಿನಲ್ಲಿ ಕಾಪಿಟ್ಟು ಬಳಸುತ್ತಿದ್ದರು.

ತಮಾಷೆಯೆಂದರೆ ಕೊಳದ ಮೀನಿನ ಸ್ವಂತ ಪಿಟ್ಯುಟರಿಯಲ್ಲೇ ಮೊಟ್ಟೆ ಇಡಿಸುವ ಹಾರ್ಮೋನು ತುಂಬಿ ಕೂತಿರುತ್ತದೆ. ಹೊರಗೆ ಬಿಡದಂತೆ ಹಿಡಿದಿರುವುದು ಡೋಪಮೈನ್ ಎಂಬ ಮಿದುಳಿನ ರಾಸಾಯನಿಕ. ಕೆನಡಾದ ರಿಚರ್ಡ್ ಪೀಟರ್ ಇದನ್ನು ಗೋಲ್ಡ್‌ಫಿಶ್‌ನಲ್ಲಿ ತೋರಿಸಿದರು. ಚೀನಾದ ಲಿನ್ ಹಾವೊರಾನ್ ಜೊತೆ ಸೇರಿ ಅದನ್ನು ಗೆಂಡೆ ಜಾತಿಯ ಮೀನುಗಳಿಗೆ ಹೊಂದಿಸಿದರು. ಇಬ್ಬರ ಹೆಸರನ್ನೂ ಕೂಡಿಸಿ ಅದಕ್ಕೆ ‘ಲಿನ್‌ಪೆ’ ವಿಧಾನ ಎನ್ನುತ್ತಾರೆ. ಮಿದುಳಿನ ಹಾರ್ಮೋನು ತಳ್ಳಬೇಕು, ಡಾಂಪೆರಿಡೋನ್ ಡೋಪಮೈನಿನ ಹಿಡಿತ ಬಿಡಿಸಬೇಕು. ಆಗ ತೂಬು ತೆರೆಯುತ್ತದೆ.

ತೂಬು ಎಂದೆನಲ್ಲ, ಆ ಮಾತನ್ನು ಸ್ವಲ್ಪ ಮುಂದುವರಿಸುತ್ತೇನೆ. ಹೆಣ್ಣಿನ ದೇಹದಲ್ಲಿ ತಿಂಗಳಿಗೊಮ್ಮೆ ಅಂಡ ಬಿಡುಗಡೆಯಾಗುವ ಕಥೆಯನ್ನು ಶಾಲೆಯ ಪುಸ್ತಕ ತಾಲ್ಲೂಕು ಕಚೇರಿಯ ಕಡತದ ಹಾಗೆ ಹೇಳುತ್ತದೆ. ಮೇಲೆ ಹೈಪೋಥಾಲಮಸ್ ಎಂಬ ಸಾಹೇಬರು. ಅವರು ಜಿಎನ್‌ಆರ್‌ಎಚ್ ಎಂಬ ಆದೇಶವನ್ನು ಪಿಟ್ಯುಟರಿಗೆ ಕಳಿಸುತ್ತಾರೆ. ಪಿಟ್ಯುಟರಿ ಅದನ್ನು ಎಲ್‌ಎಚ್, ಎಫ್‌ಎಸ್‌ಎಚ್ ಎಂದು ಎರಡು ಪ್ರತಿ ಮಾಡಿ ಅಂಡಾಶಯಕ್ಕೆ ರವಾನಿಸುತ್ತದೆ. ಅಂಡಾಶಯ ಕೈಕಟ್ಟಿ ಪಾಲಿಸುತ್ತದೆ. ಈ ಚಿತ್ರ ಸುಳ್ಳಲ್ಲ, ಅರ್ಧ ಮಾತ್ರ. ನಮ್ಮ ಕೆರೆಗಳ ನೀರಗಂಟಿಯನ್ನು ನೆನೆಯಿರಿ. ತೂಬಿನ ಕೀಲಿ ಅವನ ಕೈಯಲ್ಲಿರುತ್ತದೆ, ನಿಜ. ಯಾವ ದಿನ ತೆಗೆಯಬೇಕೆಂದು ಅವನಿಗೆ ತಿಳಿಯುವುದು ಕೆಳಗಿನ ಗದ್ದೆಯನ್ನು ನೋಡಿ.

ಈ ತಿಳಿವಳಿಕೆಗೆ ವಿಜ್ಞಾನಿಗಳು ಬಂದು ಸೇರಿದ್ದು ಸುತ್ತುದಾರಿಯಲ್ಲಿ. ಮಿದುಳಿಗೂ ಪಿಟ್ಯುಟರಿಗೂ ನಡುವೆ ಕೂದಲೆಳೆಯಂಥ ರಕ್ತನಾಳಗಳಿವೆ, ಸಂದೇಶ ಹೋಗುವುದು ಆ ರಕ್ತದಲ್ಲೇ ಎಂದು ಇಂಗ್ಲೆಂಡಿನ ಜೆಫ್ರಿ ಹ್ಯಾರಿಸ್ ಹಟ ಹಿಡಿದು ಸಾಧಿಸಿದರು. ಡೋರಾ ಯಾಕೊಬ್‌ಸೋನ್ ಜೊತೆ 1952ರಲ್ಲಿ ಅವರು ಪ್ರಕಟಿಸಿದ ಪ್ರಯೋಗ ಸರಳವಾಗಿತ್ತು. ಇಲಿಯ ಪಿಟ್ಯುಟರಿ ಕಿತ್ತು, ಮತ್ತೊಂದು ಪಿಟ್ಯುಟರಿಯನ್ನು ಹೈಪೋಥಾಲಮಸ್ಸಿನ ಕೆಳಗೇ ಕೂರಿಸಿದರೆ ಇಲಿ ಮತ್ತೆ ಗಬ್ಬವಾಗುತ್ತದೆ. ಮಿದುಳಿನ ಇನ್ನೊಂದು ಮೂಲೆಯಲ್ಲಿ ಕೂರಿಸಿದರೆ ಇಲ್ಲ. ಆಮೇಲೆ ಆ ಸಂದೇಶದ ರಾಸಾಯನಿಕ ಯಾವುದೆಂದು ಹುಡುಕಲು ಆಂಡ್ರ್ಯೂ ಶಾಲಿ, ರೋಜರ್ ಗಿಲ್ಲೆಮಿನ್ ಎಂಬ ಇಬ್ಬರು ಅಮೆರಿಕದಲ್ಲಿ ಜಿದ್ದಿಗೆ ಬಿದ್ದರು. ಒಂದು ಕಾಲದಲ್ಲಿ ಜೊತೆಗೆ ದುಡಿದವರು, ಆಮೇಲೆ ಮಾತು ಬಿಟ್ಟವರು. ಒಬ್ಬರು ಹಂದಿ, ಇನ್ನೊಬ್ಬರು ಕುರಿ ಹಿಡಿದರು. ಕಸಾಯಿಖಾನೆಗಳಿಂದ ಬಂದ ಲಕ್ಷಾಂತರ ಮಿದುಳಿನ ಚೂರುಗಳನ್ನು ಭಟ್ಟಿ ಇಳಿಸಿದ ಮೇಲೆ 1971ರಲ್ಲಿ ಶಾಲಿಯವರ ತಂಡಕ್ಕೆ ಜಿಎನ್‌ಆರ್‌ಎಚ್ ರಚನೆ ಸಿಕ್ಕಿತು. ಬರೀ 10 ಅಮೈನೋ ಆಮ್ಲಗಳ ಸರ. 1977ರ ನೊಬೆಲ್ ಇಬ್ಬರಿಗೂ ಬಂತು. ರಕ್ತದಲ್ಲಿ ಇಂಥ ಅಣುವಿನಷ್ಟು ಹಾರ್ಮೋನನ್ನು ಅಳೆಯುವ ವಿಧಾನ ಕಂಡುಹಿಡಿದ ರೋಸಲಿನ್ ಯಾಲೋ ಅವರಿಗೂ ಅದೇ ವರ್ಷ ಸಂದಿತು. ನನ್ನನ್ನು ಕೇಳಿದರೆ ಯಾಲೋ ಕೊಟ್ಟ ತಕ್ಕಡಿ ಇಲ್ಲದಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ.

ಮುಂದಿನ ಕಥೆಯ ನಾಯಕ ಪಿಟ್ಸ್‌ಬರ್ಗಿನ ಅರ್ನ್‌ಸ್ಟ್ ನೋಬಿಲ್. ಅವರ ಪ್ರಯೋಗಾಲಯದಲ್ಲಿದ್ದದ್ದು ರೀಸಸ್ ಕೋತಿಗಳು. ಆ ಜಾತಿಯ ಕೋತಿಗಳನ್ನು ವಿದೇಶದ ಪ್ರಯೋಗಾಲಯಗಳಿಗೆ ಸಾವಿರಗಟ್ಟಲೆ ರಫ್ತು ಮಾಡುತ್ತಿದ್ದುದು ನಮ್ಮ ದೇಶವೇ. 1978ರಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ಅದನ್ನು ನಿಲ್ಲಿಸಿತು. ಈ ಕೋತಿಗಳಿಗೂ ಹೆಂಗಸರಂತೆ ಸುಮಾರು 28 ದಿನಕ್ಕೊಮ್ಮೆ ಮುಟ್ಟು. ಅವುಗಳ ರಕ್ತವನ್ನು ಕೆಲವು ನಿಮಿಷಕ್ಕೊಮ್ಮೆ ತೆಗೆದು ನೋಡಿದಾಗ ಎಲ್‌ಎಚ್ ಕೊಳಾಯಿ ನೀರಿನಂತೆ ಹರಿಯುತ್ತಿರಲಿಲ್ಲ. ಗಂಟೆಗೊಂದು ಸಲ ಚಿಮ್ಮಿ, ಇಳಿದು, ಮತ್ತೆ ಚಿಮ್ಮುತ್ತಿತ್ತು. ದೇವಸ್ಥಾನದ ಗಂಟೆಯ ಹಾಗೆ.

ನೋಬಿಲ್ ತಂಡ ಕೋತಿಯ ಹೈಪೋಥಾಲಮಸ್ಸಿನ ಒಂದು ಸಣ್ಣ ಭಾಗವನ್ನು ಹಾಳುಮಾಡಿ ಸ್ವಂತ ಜಿಎನ್‌ಆರ್‌ಎಚ್ ನಿಲ್ಲಿಸಿತು. ಎಲ್‌ಎಚ್, ಎಫ್‌ಎಸ್‌ಎಚ್ ಎರಡೂ ಬತ್ತಿದವು. ಆಮೇಲೆ ಪಂಪಿನಿಂದ ಗಂಟೆಗೊಮ್ಮೆ, ಆರು ನಿಮಿಷ ಮಾತ್ರ, ನಿಮಿಷಕ್ಕೆ ಒಂದು ಮೈಕ್ರೋಗ್ರಾಂನಂತೆ ಅದೇ ಹಾರ್ಮೋನು ಕೊಟ್ಟರು. ಎರಡೂ ಮರಳಿ ಬಂದವು. ಇಷ್ಟಾದ ಮೇಲೆ ಯಾರಿಗಾದರೂ ಅನ್ನಿಸುವುದೇನು? ಬಿಟ್ಟು ಬಿಟ್ಟು ಕೊಡುವ ಬದಲು ಎಡೆಬಿಡದೆ ಸುರಿದರೆ ಇನ್ನೂ ಒಳ್ಳೆಯದಲ್ಲವೇ? ಸುರಿದರು. ಎಲ್‌ಎಚ್, ಎಫ್‌ಎಸ್‌ಎಚ್ ಮತ್ತೆ ನೆಲಕಚ್ಚಿದವು. ಮುಂದಿನ ಪ್ರಯೋಗಗಳಲ್ಲಿ ಗಂಟೆಗೊಂದರ ಬದಲು ಮೂರು, ಐದು ಸಲ ಕೊಟ್ಟರೂ ಕುಸಿದವು. ಬಾಗಿಲನ್ನು ಒಂದೇ ಸಮ ಬಡಿಯುತ್ತಿದ್ದರೆ ಒಳಗಿನವರು ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾರೆ. ಎಡೆಬಿಡದೆ ಸುರಿದಾಗ ಕಂಡ, 1978ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಈ ಫಲಿತಾಂಶವನ್ನು ಇವತ್ತು ಬೆಂಗಳೂರಿನ ಬಂಜೆತನ ಚಿಕಿತ್ಸಾ ಕೇಂದ್ರಗಳಲ್ಲೂ ಬಳಸುತ್ತಾರೆ. ಐವಿಎಫ್‌ಗೆ ಸಿದ್ಧವಾಗುವ ಹೆಣ್ಣುಮಗಳಿಗೆ ಅಂಡ ಮೊದಲೇ ಜಾರಿಹೋಗದಂತೆ ಕೊಡುವ ಒಂದು ಬಗೆಯ ಚುಚ್ಚುಮದ್ದು, ಆರೇಳು ವರ್ಷಕ್ಕೇ ಮೈನೆರೆಯುವ ಲಕ್ಷಣ ತೋರಿದ ಮಗುವಿಗೆ ಕೊಡುವ ಮದ್ದು, ಗಂಡಸರ ಪ್ರಾಸ್ಟೇಟ್ ಕ್ಯಾನ್ಸರಿಗೆ ಕೊಡುವುದು, ಎಲ್ಲವೂ ಜಿಎನ್‌ಆರ್‌ಎಚ್‌ನ ತಮ್ಮಂದಿರೇ. ಹಾರ್ಮೋನನ್ನು ಕೊಟ್ಟೇ ಹಾರ್ಮೋನನ್ನು ನಿಲ್ಲಿಸುವ ವಿದ್ಯೆ.

ಆದರೆ ನನಗೆ ಹೆಚ್ಚು ಇಷ್ಟವಾದದ್ದು ಅವರ 1980ರ ಪ್ರಯೋಗ. ಅಂಥದೇ ಕೋತಿಗಳಿಗೆ ಪಂಪಿನಿಂದ ಗಂಟೆಗೊಂದು ಏಟು. ಹೆಚ್ಚಿಲ್ಲ, ಕಡಿಮೆಯಿಲ್ಲ, ಹಗಲಿಲ್ಲ, ರಾತ್ರಿಯಿಲ್ಲ. ಮಿದುಳಿನ ಪಾಲಿನ ಕೆಲಸ ಒಂದು ಯಂತ್ರದ ಕೈಗೆ ಹೋಗಿತ್ತು. ಅದಕ್ಕೆ ತಿಥಿ ಗೊತ್ತಿಲ್ಲ, ವಾರ ಗೊತ್ತಿಲ್ಲ. ಆದರೂ ಎರಡು ವಾರದ ಹೊತ್ತಿಗೆ ಅಂಡಕೋಶ ಬಲಿತು, ಎಲ್‌ಎಚ್ ಒಮ್ಮೆಲೇ ಉಕ್ಕಿ, ಅಂಡ ಬಿಡುಗಡೆಯಾಗಿ, ಮತ್ತೆರಡು ವಾರಕ್ಕೆ ಮುಟ್ಟಾಯಿತು. ದಿನ ಗೊತ್ತುಮಾಡಿದ್ದು ಅಂಡಾಶಯ. ತಾಳ ಹಾಕಲು ಮಿದುಳು ಬೇಕು. ರಾಗ ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕೆಂಬುದು ಕಿಬ್ಬೊಟ್ಟೆಯಲ್ಲಿ ತೀರ್ಮಾನವಾಗುತ್ತದೆ. ಮಿದುಳಿನ ತಾಳ ನಿಂತುಹೋದ ಹೆಂಗಸರಿಗೆ ಇಂಥದೇ ಸಣ್ಣ ಪಂಪು ಕಟ್ಟಿ, ಸುಮಾರು 90 ನಿಮಿಷಕ್ಕೊಮ್ಮೆ ಹನಿಸಿ, ಬಸಿರು ನಿಲ್ಲಿಸಿದ್ದೂ ಆಯಿತು.

ಇಲಿಯ ಲೆಕ್ಕವೇ ಬೇರೆ. ಅದರ ಮಿದುಳು ಗಡಿಯಾರ ನೋಡುತ್ತದೆ. ಅಂಡ ಬಿಡಬೇಕಾದ ದಿನ ಮಧ್ಯಾಹ್ನ ಎರಡರಿಂದ ನಾಲ್ಕರ ಒಳಗೆ ಎಲ್‌ಎಚ್‌ಗೆ ಸೂಚನೆ ಹೋಗಬೇಕು. ಆ ಹೊತ್ತಿನಲ್ಲಿ ಇಲಿಗೆ ಅರಿವಳಿಕೆ ಕೊಟ್ಟು ಮಲಗಿಸಿದರೆ, ತಪ್ಪಿದ ಮುಹೂರ್ತ ಮರುದಿನ ಅದೇ ವೇಳೆಗೆ ಬರುತ್ತದೆ, ಸರಿಯಾಗಿ 24 ಗಂಟೆ ತಡವಾಗಿ. ಎವರೆಟ್ ಮತ್ತು ಸಾಯರ್ 1950ರಲ್ಲೇ ಇದನ್ನು ತೋರಿಸಿದ್ದರು. ಆದ್ದರಿಂದ ಇಲಿಯಲ್ಲಿ ಕಂಡದ್ದನ್ನು ಹಾಗೇ ಹೆಣ್ಣುಮಕ್ಕಳಿಗೆ ಹಚ್ಚುವ ಸುದ್ದಿಗಳನ್ನು ಓದುವಾಗ ನಾನು ಒಂದು ಚಿಟಿಕೆ ಉಪ್ಪು ಪಕ್ಕದಲ್ಲಿಟ್ಟುಕೊಳ್ಳುತ್ತೇನೆ. ನಮಗೆ ಹತ್ತಿರದ ಸಾಕ್ಷಿ ಕೋತಿಯದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್.ಆರ್. ಮೌದ್ಗಲ್ ಅವರು ನಮ್ಮ ಬೀದಿ, ಬೆಟ್ಟಗಳಲ್ಲಿ ಕಾಣುವ ಬಾನೆಟ್ ಮಂಗಗಳನ್ನೇ ಆರಿಸಿಕೊಂಡು, ಎಲ್‌ಎಚ್ ಅಥವಾ ಎಫ್‌ಎಸ್‌ಎಚ್ ಒಂದನ್ನೇ ಪ್ರತಿಕಾಯದಿಂದ ಕಟ್ಟಿಹಾಕಿದರೆ ಸಂತಾನಶಕ್ತಿಯಲ್ಲಿ ಏನು ನಿಲ್ಲುತ್ತದೆ, ಏನು ಉಳಿಯುತ್ತದೆ ಎಂದು ವರ್ಷಗಟ್ಟಲೆ ಪರೀಕ್ಷಿಸಿದವರು.

ಅಂಡಾಶಯ ದಿನ ಗೊತ್ತುಮಾಡುವುದು ಈಸ್ಟ್ರೋಜೆನ್ ಮೂಲಕ. ಈ ಈಸ್ಟ್ರೋಜೆನ್ನಿನ ನಡತೆ ವಿಚಿತ್ರ. ಸ್ವಲ್ಪ ಇರುವಾಗ ಮಿದುಳಿಗೂ ಪಿಟ್ಯುಟರಿಗೂ ‘ಸಾಕು, ಸಾಕು’ ಎನ್ನುತ್ತಿರುತ್ತದೆ, ಎಲ್‌ಎಚ್ ತಗ್ಗಿರುತ್ತದೆ. ಅಂಡಕೋಶ ಬಲಿತು ಈಸ್ಟ್ರಡೈಯಾಲ್ ಎಂಬ ಆ ಈಸ್ಟ್ರೋಜೆನ್ನಿನ ಮಟ್ಟ ಒಂದು ಎಂ.ಎಲ್. ರಕ್ತಕ್ಕೆ ಸುಮಾರು 200 ಪಿಕೋಗ್ರಾಂ ದಾಟಿ, ಎರಡು ದಿನ ಅಲ್ಲೇ ನಿಂತರೆ ಅದೇ ಬಾಯಿ ‘ಬಿಡು, ಬಿಡು’ ಎನ್ನುತ್ತದೆ. ಪಿಟ್ಯುಟರಿ ಕೂಡಿಟ್ಟದ್ದನ್ನೆಲ್ಲ ಸುರಿಯುತ್ತದೆ. ಆ ಉಕ್ಕು ಶುರುವಾದ ಒಂದೂವರೆ ದಿನಕ್ಕೆ ಅಂಡ ಹೊರಗೆ. ಅಲ್ಲಿ ಎರಡು ಶರತ್ತುಗಳಿವೆ, ಎಷ್ಟು ಎಂಬುದು ಒಂದು, ಎಷ್ಟು ಹೊತ್ತು ಎಂಬುದು ಇನ್ನೊಂದು. ಒಂದು ಗಳಿಗೆಯ ಏರಿಕೆಗೆ ನೀರಗಂಟಿ ಮೋಸಹೋಗುವುದಿಲ್ಲ.

ಇಲ್ಲಿ ಒಂದು ಒಗಟು ಬಹುಕಾಲ ಕಾಡಿತು. ಜಿಎನ್‌ಆರ್‌ಎಚ್ ಮಾಡುವ ನರಕೋಶಗಳು ಮನುಷ್ಯನ ಮಿದುಳಿನಲ್ಲಿ ಒಂದೆರಡು ಸಾವಿರ ಇದ್ದರೆ ಹೆಚ್ಚು. ಹುಟ್ಟೂರು ಮಿದುಳೂ ಅಲ್ಲ. ಭ್ರೂಣದ ಮೂಗಿನ ಬಳಿ ಹುಟ್ಟಿ, ವಾಸನೆಯ ನರಗಳ ಜಾಡು ಹಿಡಿದು ಮಿದುಳಿನೊಳಗೆ ವಲಸೆ ಬರುತ್ತವೆ. ದಾರಿಯಲ್ಲೇ ಸಿಕ್ಕಿಬಿದ್ದರೆ ಹುಟ್ಟುವ ಮಗುವಿಗೆ ವಾಸನೆ ತಿಳಿಯುವುದಿಲ್ಲ, ವಯಸ್ಸಿಗೆ ಬಂದರೂ ಮೈನೆರೆಯುವುದಿಲ್ಲ. ಇದಕ್ಕೆ ಕಾಲ್‌ಮನ್ ಸಿಂಡ್ರೋಮ್ ಎನ್ನುತ್ತಾರೆ. ಮಗಳು ದೊಡ್ಡವಳಾಗಲಿಲ್ಲ ಎಂದು ಬಂದ ತಾಯಿಗೆ ‘ಇವಳಿಗೆ ಮಲ್ಲಿಗೆ ವಾಸನೆ ಗೊತ್ತಾಗುತ್ತಾ?’ ಎಂದು ಡಾಕ್ಟರು ಕೇಳಿದರೆ ಅದು ಹರಟೆಯಲ್ಲ. ಸರಿ, ಒಗಟು ಏನೆಂದರೆ, ಈಸ್ಟ್ರೋಜೆನ್ ಈ ಕೋಶಗಳನ್ನು ಕುಣಿಸುವುದು ಖಚಿತ. ಅದರ ಮಾತು ಕೇಳಿಸಿಕೊಳ್ಳಲು ಬೇಕಾದ ಮುಖ್ಯ ಕಿವಿ, ಆಲ್ಫಾ ಎಂಬ ಗ್ರಾಹಕ, ಈ ಕೋಶಗಳಲ್ಲಿ ಇಲ್ಲ. ನಡುವೆ ಯಾರೋ ಚಾಡಿಕೋರರು ಇರಲೇಬೇಕು.

ಸಿಕ್ಕಿದ್ದು ಎಲ್ಲಿ ಗೊತ್ತೇ? ಕ್ಯಾನ್ಸರ್ ಸಂಶೋಧನೆಯಲ್ಲಿ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹರ್ಷೀ ಎಂಬ ಊರಿದೆ, ‘ಕಿಸಸ್’ ಎಂಬ ಚಾಕೊಲೇಟಿಗೆ ಹೆಸರುವಾಸಿ. ಕ್ಯಾನ್ಸರ್ ಹರಡುವುದನ್ನು ತಡೆಯುವ ಒಂದು ಜೀನ್ 1996ರಲ್ಲಿ ಅಲ್ಲಿ ಪತ್ತೆಯಾದಾಗ ಊರ ಚಾಕೊಲೇಟಿನ ನೆನಪಿಗೆ ‘ಕಿಸ್’ ಎಂದು ಹೆಸರಿಟ್ಟರು. ಅದು ಮಾಡುವ ರಾಸಾಯನಿಕ ಕಿಸ್‌ಪೆಪ್ಟಿನ್ ಆಯಿತು. 2003ರಲ್ಲಿ ಫ್ರಾನ್ಸ್ ಮತ್ತು ಬಾಸ್ಟನ್ನಿನ ಎರಡು ತಂಡಗಳು, ಮೈನೆರೆಯದ ಮಕ್ಕಳಿದ್ದ ಮನೆತನಗಳಲ್ಲಿ ಕಿಸ್‌ಪೆಪ್ಟಿನ್ ಗ್ರಾಹಕವೇ ಕೆಟ್ಟಿರುವುದನ್ನು ಬೇರೆ ಬೇರೆಯಾಗಿ ಕಂಡವು. ಚುಂಬನದ ಹೆಸರು ಹೊತ್ತದ್ದು ಸಂತಾನದ ಕೀಲಿಯೇ ಆಗಿಬಿಟ್ಟದ್ದು ಕಾಕತಾಳೀಯ. ಇಂಥ ಕಾಕತಾಳೀಯ ಕಥೆಗಾರ ಬರೆದರೆ ಸಂಪಾದಕರು ಹೊಡೆದುಹಾಕುತ್ತಾರೆ. ಕಿಸ್‌ಪೆಪ್ಟಿನ್ ಕೋಶಗಳಿಗೆ ಈಸ್ಟ್ರೋಜೆನ್ನಿನ ಆ ಕಿವಿ ಇದೆ. ಕೇಳಿಸಿಕೊಂಡದ್ದನ್ನು ಅವು ಜಿಎನ್‌ಆರ್‌ಎಚ್ ಕೋಶಗಳಿಗೆ ಮುಟ್ಟಿಸುತ್ತವೆ.

ಅವುಗಳಲ್ಲಿ ಒಂದು ಗುಂಪು ಒಂದೇ ಕೋಶದಲ್ಲಿ ಮೂರು ರಾಸಾಯನಿಕ ಇಟ್ಟುಕೊಂಡಿದೆ. ನ್ಯೂರೋಕೈನಿನ್-ಬಿ ಅಕ್ಕಪಕ್ಕದ ಕೋಶಗಳನ್ನು ಒಟ್ಟಿಗೆ ಎಬ್ಬಿಸುತ್ತದೆ, ಕಿಸ್‌ಪೆಪ್ಟಿನ್ ಜಿಎನ್‌ಆರ್‌ಎಚ್ ಅನ್ನು ಚಿಮ್ಮಿಸುತ್ತದೆ, ಅಫೀಮಿನ ಬಳಗಕ್ಕೆ ಸೇರಿದ ಡೈನಾರ್ಫಿನ್ ಎಲ್ಲರನ್ನೂ ಮಲಗಿಸುತ್ತದೆ. ಎಬ್ಬಿಸು, ಚಿಮ್ಮಿಸು, ಮಲಗಿಸು. ನೋಬಿಲ್ ಕಂಡ ಗಂಟೆಯ ತಾಳ ಇಲ್ಲಿಂದಲೇ ಹುಟ್ಟುತ್ತದೆ.

ಮುಟ್ಟು ನಿಂತ ಹೆಂಗಸರ ಕಷ್ಟದ ಮೂಲವೂ ಇಲ್ಲೇ ಸಿಕ್ಕಿತು. ಚಳಿಗಾಲದ ರಾತ್ರಿ ಇದ್ದಕ್ಕಿದ್ದಂತೆ ಎದ್ದು ಕೂತು, ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತ, ‘ಒಲೆ ಮುಂದೆ ಕೂತ ಹಾಗಾಗ್ತದೆ ಕಣೇ’ ಎನ್ನುತ್ತಿದ್ದ ದೊಡ್ಡಮ್ಮಂದಿರನ್ನು ನೋಡಿಯೇ ನಾವು ಬೆಳೆದವರು. ಯಾರೂ ಅದನ್ನು ಕಾಯಿಲೆಯೆಂದು ಎಣಿಸಲಿಲ್ಲ. ಪಿತ್ತ ಎಂದರು, ಜೀರಿಗೆ ನೀರು ಕುಡಿಸಿದರು. ಅಮೆರಿಕದ ನವೋಮಿ ರಾನ್ಸ್ 1990ರ ಸುಮಾರಿಗೆ, ತೀರಿಕೊಂಡ ವಯಸ್ಸಾದ ಹೆಂಗಸರ ಮಿದುಳುಗಳನ್ನು ಪರೀಕ್ಷಿಸುತ್ತಿದ್ದಾಗ ಈ ಕೋಶಗಳು ಊದಿಕೊಂಡಿರುವುದನ್ನು ಕಂಡರು. ಅಂಡಾಶಯದ ಈಸ್ಟ್ರೋಜೆನ್ ‘ಸಾಕು’ ಎನ್ನುವುದನ್ನು ನಿಲ್ಲಿಸಿದ ಮೇಲೆ ಇವಕ್ಕೆ ಕಡಿವಾಣವಿಲ್ಲ. ಪಕ್ಕದಲ್ಲೇ ಮೈಯ ಶಾಖವನ್ನು ಕಾಯುವ ಕೇಂದ್ರವಿದೆ. ಅಲ್ಲಿಗೂ ಇವುಗಳ ಕೈ ಚಾಚಿದೆ. ನ್ಯೂರೋಕೈನಿನ್-ಬಿ ಅಲ್ಲಿ ಗದ್ದಲ ಎಬ್ಬಿಸಿದರೆ ಮೈ ಧಗ್ಗನೆ ಉರಿಯುತ್ತದೆ. ಆ ಗದ್ದಲವನ್ನಷ್ಟೇ ತಡೆಯುವ ಫೆಜೊಲಿನೆಟಂಟ್ ಮಾತ್ರೆಗೆ ಅಮೆರಿಕದಲ್ಲಿ 2023ರಲ್ಲಿ ಪರವಾನಗಿ ಸಿಕ್ಕಿತು. ಮರುವರ್ಷವೇ ಯಕೃತ್ತಿಗೆ ಅಪಾಯವಾಗಬಹುದೆಂಬ ಕಠಿಣ ಎಚ್ಚರಿಕೆಯನ್ನೂ ಅದರ ಮೇಲೆ ಅಚ್ಚು ಹಾಕಿಸಿದರು. ಅದ್ಭುತ ಔಷಧ ಎಂದು ಕುಣಿಯುವ ಮೊದಲು ಈ ಎರಡನೆಯ ಸಾಲನ್ನೂ ಓದಬೇಕು.

ಅಂಡ ಬಿಟ್ಟ ಮೇಲೆ ಪ್ರೊಜೆಸ್ಟರಾನ್ ಬರುತ್ತದೆ. ಇದರ ಸ್ವಭಾವ ಸಮಾಧಾನದ್ದು. ಗಂಟೆ, ಒಂದೂವರೆ ಗಂಟೆಗೊಮ್ಮೆ ಬಡಿಯುತ್ತಿದ್ದ ತಾಳವನ್ನು ಮೂರು ನಾಲ್ಕು ಗಂಟೆಗೊಂದಕ್ಕೆ ಇಳಿಸುತ್ತದೆ. ಇಳಿಸುವುದು ಮಿದುಳಿನ ಸ್ವಂತ ಅಫೀಮುಗಳ ನೆರವಿನಿಂದ. ಆ ದಿನಗಳಲ್ಲಿ ಅಫೀಮನ್ನು ತಡೆಯುವ ನಾಲೊಕ್ಸೋನ್ ಕೊಟ್ಟರೆ ತಾಳ ಮತ್ತೆ ಚುರುಕಾಗುತ್ತದೆ.

ನಮ್ಮ ಮನೆಮನೆಯ ಮಾತಾಗಿರುವ ಪಿಸಿಓಡಿಯಲ್ಲಿ ಕೆಟ್ಟಿರುವುದು ಈ ಇಳಿಸುವ ಕೆಲಸ. ತಾಳ ಸದಾ ದ್ರುತದಲ್ಲೇ ಓಡುತ್ತದೆ. ದ್ರುತ ತಾಳಕ್ಕೆ ಪಿಟ್ಯುಟರಿ ಎಲ್‌ಎಚ್ ಹೆಚ್ಚು, ಎಫ್‌ಎಸ್‌ಎಚ್ ಕಡಿಮೆ ಕೊಡುತ್ತದೆ. ಎಫ್‌ಎಸ್‌ಎಚ್ ಸಾಲದೆ ಅಂಡಕೋಶಗಳು ಅರೆಬಲಿತು ನಿಲ್ಲುತ್ತವೆ. ಸ್ಕ್ಯಾನಿಂಗ್‌ನಲ್ಲಿ ‘ನೀರಗುಳ್ಳೆ’ ಎಂದು ತೋರಿಸುವುದು ಇವನ್ನೇ. ಎಲ್‌ಎಚ್ ಹೆಚ್ಚಾಗಿ ಅಂಡಾಶಯ ಗಂಡುಹಾರ್ಮೋನು ಮಾಡುತ್ತದೆ. ಆ ಗಂಡುಹಾರ್ಮೋನು ಪ್ರೊಜೆಸ್ಟರಾನಿನ ಮಾತು ಮಿದುಳಿಗೆ ಕೇಳದಂತೆ ಮಾಡುತ್ತದೆ. ಅಂಡ ಬಿಡದಿದ್ದರೆ ಪ್ರೊಜೆಸ್ಟರಾನೇ ಬರುವುದಿಲ್ಲ, ಹಾಗಾಗಿ ತಾಳ ಇಳಿಸುವವರೇ ಇಲ್ಲ. ಸುಳಿಗೆ ಸಿಕ್ಕ ಎಲೆ. ಇನ್ಸುಲಿನ್ ಆ ಸುಳಿಯನ್ನು ಇನ್ನಷ್ಟು ತಿರುವುತ್ತದೆ. ಮುಟ್ಟು ತಪ್ಪಿದ ಹುಡುಗಿಗೆ ‘ಹಾರ್ಮೋನ್ ಇಂಬ್ಯಾಲೆನ್ಸು’ ಎಂದು ಒಂದೇ ಪದ ಹೇಳಿ ಕಳಿಸುವ ರೂಢಿ ನನಗೆ ಹಿಡಿಸದಿರುವುದು ಇದಕ್ಕೇ. ತಕ್ಕಡಿಯ ಯಾವ ತಟ್ಟೆ ಏರಿತು ಎಂದಷ್ಟೇ ಆ ಪದ ಕೇಳುತ್ತದೆ. ತಾಳ ಎಲ್ಲಿ ತಪ್ಪಿತು ಎಂದು ಕೇಳುವುದಿಲ್ಲ. ಒಂದು ಬೆಳಿಗ್ಗೆ ತೆಗೆದ ಒಂದು ಟ್ಯೂಬ್ ರಕ್ತ, ಹಾಡಿನ ನಡುವೆ ಕಿವಿಗೆ ಬಿದ್ದ ಒಂದು ಸ್ವರದಷ್ಟೇ.

ತಾಳ ಪೂರ್ತಿ ನಿಲ್ಲುವುದೂ ಉಂಟು. ಊಟ ಬಿಟ್ಟು ಓಡುವ ಕ್ರೀಡಾಪಟು, ಮದುವೆಗೆ ಮುಂಚೆ ಪಥ್ಯ ಮಾಡಿ ಒಣಗಿದ ಹುಡುಗಿ, ಇವರ ಕೊಬ್ಬಿನಿಂದ ಬರುವ ಲೆಪ್ಟಿನ್ ಹಾರ್ಮೋನು ಇಳಿದಾಗ ಕಣಜ ಬರಿದು ಎಂದು ಮಿದುಳು ತಿಳಿಯುತ್ತದೆ, ಕಿಸ್‌ಪೆಪ್ಟಿನ್ ತಗ್ಗುತ್ತದೆ. ಹಾಲೂಡುವ ಬಾಣಂತಿಯಲ್ಲಿ ಅದೇ ಕೆಲಸವನ್ನು ಪ್ರೊಲ್ಯಾಕ್ಟಿನ್ ಮಾಡುತ್ತದೆ. ಮಗು ಎದೆಹಾಲನ್ನು ಮಾತ್ರ ಕುಡಿಯುತ್ತ, ಮುಟ್ಟು ಮರಳದೆ ಇದ್ದರೆ ಮೊದಲ ಆರು ತಿಂಗಳು ಬಸಿರಾಗುವ ಸಂಭವ ನೂರಕ್ಕೆ ಎರಡಕ್ಕಿಂತ ಹೆಚ್ಚಿಲ್ಲ. ಈ ಮೂರು ಶರತ್ತಿನಲ್ಲಿ ಒಂದು ಮುರಿದರೂ ಲೆಕ್ಕ ಮುರಿಯಿತು.

ಈ ಪ್ರೊಲ್ಯಾಕ್ಟಿನ್ನಿಗೆ ಬಾಣಂತಿಯಲ್ಲದವರಲ್ಲಿ ಕಡಿವಾಣ ಹಾಕಿರುವುದು ನಮ್ಮ ಹಳೆಯ ಪರಿಚಯದ ಡೋಪಮೈನ್. ಮೀನಿನಲ್ಲಿ ಅದು ನೇರವಾಗಿ ಎಲ್‌ಎಚ್ ಅನ್ನೇ ಹಿಡಿಯುತ್ತದೆ. ನಮ್ಮಲ್ಲಿ ಪ್ರೊಲ್ಯಾಕ್ಟಿನ್ ಹಿಡಿದು ಮುಟ್ಟನ್ನು ಕಾಯುತ್ತದೆ. ಹಾಗಾಗಿ ಡೋಪಮೈನ್ ತಡೆಯುವ ಅದೇ ಔಷಧ ಮೀನಿಗೆ ಮೊಟ್ಟೆ ಇಡಿಸುತ್ತದೆ, ಹೆಣ್ಣಿಗೆ ಪ್ರೊಲ್ಯಾಕ್ಟಿನ್ ಏರಿಸಿ ಕೆಲವೊಮ್ಮೆ ಮುಟ್ಟು ನಿಲ್ಲಿಸುತ್ತದೆ, ಮಗುವಿಲ್ಲದ ಎದೆಯಲ್ಲಿ ಹಾಲು ಜಿನುಗಿಸುತ್ತದೆ. ಡಾಂಪೆರಿಡೋನ್ ಒಂದೇ ಅಲ್ಲ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಮನೋರೋಗಕ್ಕೆ ಕೊಡುವ ಕೆಲವು ಮಾತ್ರೆಗಳದೂ ಇದೇ ಗುಣ. ಡಾಕ್ಟರನ್ನು ಕೇಳದೆ ಅವನ್ನು ನಿಲ್ಲಿಸಬಾರದು, ಮನೋರೋಗದ ಮಾತ್ರೆಯನ್ನಂತೂ ಖಂಡಿತ ನಿಲ್ಲಿಸಬಾರದು. ಆದರೆ ಮುಟ್ಟಿನ ತೊಂದರೆಗೆ ಹೆಂಗಸರ ಡಾಕ್ಟರ ಹತ್ತಿರ ಹೋಗುವಾಗ ಸ್ಕ್ಯಾನಿಂಗ್ ಚೀಟಿಯ ಜೊತೆಗೆ, ಗ್ಯಾಸಿಗೆಂದು ಆರು ತಿಂಗಳಿಂದ ನುಂಗುತ್ತಿರುವ ಮಾತ್ರೆಯ ಖಾಲಿ ಹಾಳೆಯನ್ನೂ ಪರ್ಸಿನಲ್ಲಿ ಹಾಕಿಕೊಂಡು ಹೋಗಿ, ಅವರು ಕೇಳದಿದ್ದರೂ ತೋರಿಸಿ.